ಹನ್ನೊಂದು ಅಡಿ ಎತ್ತರದ ಕೋಣೆ

14 ಜನವರಿ

ಅಪ್ಪಾ,

ಕೆಲಸ ಸಿಕ್ಕಿತು! ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹಡಗಿನ ಎಂಜಿನ್ ನಮ್ಮಿಬ್ಬರಿಗಿಂತ ಜೋರಾಗಿ ಮಾತಾಡುತ್ತದೆ. ಅದಕ್ಕೇ ಪತ್ರ. ಮುಂದಿನ ಬಂದರಿನ ಏಜೆಂಟರ ವಿಳಾಸಕ್ಕೆ ಹಾಕುತ್ತಿದ್ದೇನೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ನನ್ನನ್ನು ತೆಗೆದುಹಾಕದಿದ್ದರೆ ನನ್ನ ಪುಣ್ಯ. ಆರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತಾರಂತೆ.

ಆರ್ಕಿಟೆಕ್ಟ್ ಸ್ಟುಡಿಯೊ ಎಂದಕೂಡಲೇ ನೀನು ಗಾಜಿನ ಬಾಗಿಲು, ತಣ್ಣನೆ ಗಾಳಿ ಎಲ್ಲ ಊಹಿಸಿಕೊಂಡಿರುತ್ತೀಯ. ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಕೋಣೆ, ನಾಲ್ಕು ಮೇಜು, ನಾಲ್ಕು ಜನ. ಸ್ಟುಡಿಯೊ ಮೇಡಂ ಅವರದು. ಅರವತ್ತು ದಾಟಿದೆ. ಕೈಯಲ್ಲಿ ಸದಾ ರಬ್ಬರ್ ಇರುವುದರಿಂದ ಬೆನ್ನ ಹಿಂದೆ ಎಲ್ಲರೂ ರಬ್ಬರಮ್ಮ ಎನ್ನುತ್ತಾರೆ; ಅದು ಅವರಿಗೂ ಗೊತ್ತು. ಆಮೇಲೆ ರಟ್ಟಣ್ಣ. ಮೊದಲು ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದವರು, ಈಗ ರಟ್ಟಿನಲ್ಲಿ ಕಟ್ಟಡಗಳ ಮಾಡೆಲ್ ಮಾಡುತ್ತಾರೆ. ಮೂರನೆಯವರು ಇಂಜಿನಿಯರ್. ಯಾರು ಏನೇ ಬರೆದು ತೋರಿಸಲಿ, ಕನ್ನಡಕ ಮೇಲೆತ್ತಿ "ಬೀಳುತ್ತೆ" ಎನ್ನುತ್ತಾರೆ. ನಮಸ್ಕಾರ ಅಂದರೂ ಬೀಳುತ್ತೆ ಅಂದಾರು. ನಾಲ್ಕನೆಯವಳು ನಿನ್ನ ಅಳಿಲು.

ಈಗ ಹಿಡಿದಿರುವುದು ಒಂದು ಆಸ್ಪತ್ರೆಯ ಕೆಲಸ. ಆಪರೇಷನ್ ಥಿಯೇಟರಿನ ಪಕ್ಕದ ಹಳೆಯ ಉಗ್ರಾಣವನ್ನು ಖಾಲಿ ಮಾಡಿ, ಒಳಗಿರುವವರ ಮನೆಯವರು ಕಾಯುವುದಕ್ಕೆ ಒಂದು ಕೋಣೆ ಮಾಡಬೇಕು. ಹೆಸರು ತರುವ ಕೆಲಸವೇ ಅಲ್ಲ. ಆದರೆ ಮೇಡಂ ಮೊದಲ ದಿನ ಹೇಳಿದ್ದನ್ನು ಕೇಳು: "ಯಾರೂ ಡಿಸೈನ್ ಗಿಸೈನ್ ಅಂತ ಶುರು ಮಾಡ್ಬೇಡಿ. ನೀವು ಜೀವನದಲ್ಲಿ ಕಾದಿರೋ ಜಾಗಗಳಲ್ಲಿ ತುಂಬಾ ಕೆಟ್ಟದ್ದು ಯಾವುದೋ ಅದರ ಚಿತ್ರ ನೆನಪಿಂದ ಬರೀರಿ. ಅಳತೆ ಸಮೇತ."

ರಟ್ಟಣ್ಣ ಹೆಡ್‌ಮಾಸ್ಟರ ಕೋಣೆಯ ಬಾಗಿಲು ಬರೆದರು. ಇಂಜಿನಿಯರ್ ಪರೀಕ್ಷೆಯ ಫಲಿತಾಂಶ ಅಂಟಿಸುವ ಹಲಗೆ ಬರೆದರು. ಮೇಡಂ ಒಂದು ಬಸ್ ನಿಲ್ದಾಣ ಬರೆದು, ಯಾರಿಗಾಗಿ ಕಾದಿದ್ದು ಎಂದು ಹೇಳಲಿಲ್ಲ. ನಾನು ಅಮ್ಮನ ಆಪರೇಷನ್ ದಿನ ಕೂತಿದ್ದ ಕಾರಿಡಾರ್ ಬರೆದೆ. ಅಗಲ ನಾಲ್ಕೂಕಾಲು ಅಡಿ. ಕಬ್ಬಿಣದ ಬೆಂಚು. ಕಾಲು ಚಾಚಿದರೆ ಎದುರು ಗೋಡೆಗೆ ತಾಗುತ್ತಿತ್ತು. ನನಗೆ ಆಗ ಹದಿನಾಲ್ಕು, ನೀನು ಸಮುದ್ರದ ನಟ್ಟನಡುವೆ. ಅಮ್ಮ ಹೋದ ಸುದ್ದಿ ನಿನಗೆ ಮುಟ್ಟಿ ನೀನು ಮನೆ ಸೇರಲು ಒಂಬತ್ತು ದಿನ ಹಿಡಿಯಿತು. ಇದನ್ನೆಲ್ಲ ನಾವು ಯಾವತ್ತೂ ಮಾತಾಡಿಲ್ಲ. ಹನ್ನೆರಡು ವರ್ಷವಾದರೂ ಒಂದು ಅಳತೆಯನ್ನೂ ನಾನು ಮರೆತಿರಲಿಲ್ಲ, ಅಪ್ಪ. ಪೆನ್ಸಿಲ್ ತನ್ನಷ್ಟಕ್ಕೆ ಓಡಿತು.

ಮೇಡಂ ನನ್ನ ಹಾಳೆಯನ್ನು ತುಂಬ ಹೊತ್ತು ನೋಡಿದರು. ರಬ್ಬರ್ ಮುಟ್ಟಿಸಲಿಲ್ಲ. "ಇಂಥದ್ದು ಇನ್ನೊಂದು ಆಗ್ಬಾರ್ದು. ಅಷ್ಟೇ ನಮ್ಮ ಕೆಲಸ" ಎಂದು ಗೋಡೆಗೆ ಅಂಟಿಸಿದರು. ದಿನಾ ಅದರ ಕೆಳಗೇ ಕೂತು ಕೆಲಸ ಮಾಡುತ್ತಿದ್ದೇನೆ.

ನಿನ್ನ
ಅಳಿಲು


9 ಫೆಬ್ರವರಿ

ಪ್ರೀತಿಯ ಅಳಿಲೇ,

ಪತ್ರ ಸಿಕ್ಕಿತು. ಎಂಜಿನ್ ರೂಮಿನಲ್ಲಿ ಎಲ್ಲರಿಗೂ ಹೇಳಿಬಂದೆ. ಮಗಳು ಆಸ್ಪತ್ರೆ ಕಟ್ಟುತ್ತಿದ್ದಾಳೆ ಅಂದೆ. ಒಂದು ಕೋಣೆ ಅಂತ ನೀನು ಬರೆದಿದ್ದೀಯ. ಅದು ಇವರಿಗೇನು ಗೊತ್ತು.

ಆದರೂ ನಿಮ್ಮ ರಬ್ಬರಮ್ಮ ನನಗೆ ಅರ್ಥವಾಗಲಿಲ್ಲ. ಸಂಬಳ ಕೊಟ್ಟು ಜನರನ್ನು ಕೂರಿಸಿ, ಒಂದು ವಾರ ಬಸ್ ನಿಲ್ದಾಣ ಬರೆಸುವುದೇ? ನಮ್ಮಲ್ಲಿ ಹೀಗೆ ಮಾಡಿದರೆ ಹಡಗು ಬಂದರಲ್ಲೇ ತುಕ್ಕು ಹಿಡಿಯುತ್ತೆ. ಪಂಪು ಕೆಟ್ಟರೆ ಪಂಪು ಬಿಚ್ಚಬೇಕು. ಕೆಟ್ಟ ಪಂಪುಗಳ ನೆನಪು ಬರೆಯುತ್ತಾ ಕೂತರೆ ಚೀಫ್ ನನ್ನನ್ನೇ ಬಿಚ್ಚಿಹಾಕುತ್ತಾನೆ.

ಬೀಳುತ್ತೆ ಅನ್ನುವವರನ್ನು ಮಾತ್ರ ಚೆನ್ನಾಗಿ ನೋಡಿಕೋ. ಮೂವತ್ತು ವರ್ಷ ಫಿಟ್ಟರ್ ಕೆಲಸ ಮಾಡಿದವನು ಹೇಳುತ್ತಿದ್ದೇನೆ, ಅಂಥ ಒಬ್ಬರು ಜೊತೆಗಿದ್ದರೆ ನಿದ್ದೆ ಚೆನ್ನಾಗಿ ಬರುತ್ತೆ. ಇಲ್ಲಿ ಅಲೆ ಜೋರು. ಬಲ ಮೊಣಕಾಲು ನೋಯುತ್ತಿದೆ, ಆದರೆ ಮೆಟ್ಟಿಲು ಹತ್ತುವಾಗ ಮಾತ್ರ. ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ
ಅಪ್ಪ


2 ಮಾರ್ಚ್

ಅಪ್ಪಾ,

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ಕಾರಿಡಾರ್ ವಿಷಯವನ್ನು ನೀನು ಓದಿಯೂ ಓದದ ಹಾಗೆ ದಾಟಿಬಿಟ್ಟೆ. ಇರಲಿ.

ಇವತ್ತು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನನಗೆ ಹೇಳದೆ ಇರಲು ಆಗುತ್ತಿಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರತಿ ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಯಾರ ಕೈಯಲ್ಲಿ ಏನಿದೆಯೋ ಅದನ್ನು ಬಲಗಡೆಯವರಿಗೆ ಕೊಟ್ಟುಬಿಡಬೇಕು. ಹಾಳೆಯ ಮೇಲೆ ಹೆಸರು ಹಾಕುವಂತಿಲ್ಲ. ಸಿಕ್ಕವರು ಏನನ್ನು ಬೇಕಾದರೂ ಅಳಿಸಬಹುದು, ಆದರೆ ಒಂದನ್ನಾದರೂ ಉಳಿಸಲೇಬೇಕು. ಇದಕ್ಕೆ ದಾಟಿಸುವುದು ಎನ್ನುತ್ತಾರೆ.

ಮೊದಲ ಸಲ ನನ್ನ ಹಾಳೆಯನ್ನು ರಟ್ಟಣ್ಣನಿಗೆ ಕೊಡಲು ಮನಸ್ಸೇ ಬರಲಿಲ್ಲ. ಎಂಟು ದಿನ ಕೂತು ಬರೆದದ್ದು! ಅವರು ಎಲ್ಲ ಅಳಿಸಿ, ಗೋಡೆಯ ದಪ್ಪದೊಳಗೆ ನಾನು ಕೊರೆದಿದ್ದ, ಒಬ್ಬರೇ ಕೂರುವಂಥ ಗೂಡನ್ನು ಮಾತ್ರ ಉಳಿಸಿದರು. ಇಂಜಿನಿಯರ್ ಕೈಗೆ ಹೋಗಿ ಆ ಗೋಡೆ ಸ್ವಲ್ಪ ಹಿಂದಕ್ಕೆ ವಾಲಿತು. ಮೇಡಂ ಕೈಯಲ್ಲಿ ಚಾವಣಿಗೂ ಗೋಡೆಗೂ ನಡುವೆ ಒಂದು ಸಣ್ಣ ಸೀಳು ಬಂದು, ಬೆಳಕು ಆ ಗೋಡೆಯ ಮೇಲೆ ಜಾರಿ ಬರುವಂತಾಯಿತು. ನಾಲ್ಕನೇ ಬುಧವಾರ ಅದು ನನ್ನ ಮೇಜಿಗೆ ವಾಪಸು ಬಂದಾಗ ಇದು ಯಾರದು ಎಂದು ಯಾರಾದರೂ ಕೇಳಿದ್ದರೆ ಉತ್ತರವೇ ಇರಲಿಲ್ಲ. ನಾಲ್ವರಲ್ಲಿ ಯಾರೊಬ್ಬರೂ ಇದನ್ನು ಯೋಚಿಸಿರಲಿಲ್ಲ ಅಪ್ಪ, ಆದರೂ ಅದು ಅಲ್ಲಿತ್ತು.

ಮೊನ್ನೆ ರಟ್ಟಣ್ಣ ಮಾಡೆಲ್ ಮುಗಿಸಿದರು. ನಿಜದಲ್ಲಿ ಐವತ್ತು ಅಡಿ ಇರುವುದು ಮಾಡೆಲ್ಲಿನಲ್ಲಿ ಒಂದಡಿ, ಆ ಲೆಕ್ಕ. ಅಳತೆ ತಿಳಿಯಲಿ ಎಂದು ನಾನು ಒಳಗೆ ಒಬ್ಬ ಕಾಗದದ ಮನುಷ್ಯನನ್ನು ನಿಲ್ಲಿಸಿದೆ. ಗೋಡೆಯಲ್ಲಿ ಅಂಗಿ ಗುಂಡಿಯಷ್ಟು ತೂತು. ಕಿಟಕಿಯ ಬೆಳಕಿಗೆ ಹಿಡಿದು, ಒಂದೇ ಕಣ್ಣಿಟ್ಟು ನೋಡಬೇಕು.

ನೋಡಿದೆ. ಆ ಪುಟ್ಟ ಮನುಷ್ಯನ ತಲೆಯ ಮೇಲೆ ಅಷ್ಟೊಂದು ಗಾಳಿ, ಅಷ್ಟೊಂದು ಮೌನ. ಬೆಳಕು ಎಲ್ಲೋ ತುಂಬ ಮೇಲಿನಿಂದ ಇಳಿದು ಅವನ ಹೆಗಲ ತನಕ ಬಂದು ನಿಂತಿತ್ತು. ಕೋಣೆಯ ಎತ್ತರ ಹನ್ನೊಂದೇ ಅಡಿ. ಮೇಲಿನ ಮಹಡಿಯಲ್ಲಿ ಹೆರಿಗೆ ವಾರ್ಡ್ ಇದೆ, ಚಾವಣಿಯನ್ನು ಒಂದಿಂಚೂ ಎತ್ತುವ ಹಾಗಿಲ್ಲ. ಹನ್ನೊಂದು ಅಡಿ ಹೀಗೆ ಕಾಣಬಹುದೇ! ಇಂಜಿನಿಯರ್ ಕಣ್ಣಿಟ್ಟು ನೋಡಿ ಬೀಳುತ್ತೆ ಎನ್ನುವುದನ್ನೇ ಮರೆತರು. ಮೇಡಂ ತೂತಿನಿಂದ ಕಣ್ಣು ತೆಗೆಯಲು ಐದು ನಿಮಿಷ ಬೇಕಾಯಿತು.

ನಿನ್ನೆ ಆಸ್ಪತ್ರೆಯ ಸಮಿತಿಯವರು ಐದು ಜನ ಬಂದು ಒಬ್ಬೊಬ್ಬರಾಗಿ ನೋಡಿದರು. ಅಧ್ಯಕ್ಷರು "ಇದೇ ಮಾಡಿ" ಎಂದರು. ಏಪ್ರಿಲ್ ಹತ್ತಕ್ಕೆ ಸಹಿ. ಅಮ್ಮನಿಗೆ ತೋರಿಸಬೇಕು ಅನ್ನಿಸಿತು. ಅಮ್ಮ ಇಲ್ಲವಲ್ಲ, ನಿನಗೆ ಬರೆದೆ.

ನಿನ್ನ
ಅಳಿಲು


19 ಮಾರ್ಚ್

ಅಪ್ಪಾ,

ಕೆಟ್ಟೆ. ಇದನ್ನು ಓದಿದ ಕೂಡಲೇ ಉತ್ತರ ಬರೆ, ನಿನ್ನ ದಮ್ಮಯ್ಯ.

ಮಾಡೆಲ್ಲಿನೊಳಗೆ ಇಡಲು ಇವತ್ತು ಕುರ್ಚಿಗಳನ್ನು ಕತ್ತರಿಸಿದೆ. ಒಂದು ಕುರ್ಚಿಯನ್ನು ಆ ಕಾಗದದ ಮನುಷ್ಯನ ಪಕ್ಕ ಇಟ್ಟರೆ, ಕುರ್ಚಿಯ ಬೆನ್ನು ಅವನ ತಲೆಗೆ ಸಮ! ಕುರ್ಚಿಯನ್ನೇ ತಪ್ಪು ಕತ್ತರಿಸಿದೆ ಅಂದುಕೊಂಡು ಅಳೆದೆ. ಕುರ್ಚಿ ಸರಿಯಿತ್ತು. ಮನುಷ್ಯನನ್ನು ಅಳೆದೆ. ತಪ್ಪು ಅಲ್ಲಿತ್ತು.

ಅವತ್ತು ಹೊಸ ಮನುಷ್ಯನನ್ನು ಕತ್ತರಿಸಲು ಸೋಮಾರಿತನವಾಗಿ, ಹಳೆಯ ಕೆಲಸದ ಡಬ್ಬಿಯಿಂದ ಒಬ್ಬನನ್ನು ಎತ್ತಿ ನಿಲ್ಲಿಸಿದ್ದೆ. ಆ ಕೆಲಸದ ಮಾಡೆಲ್ಲಿನಲ್ಲಿ ನೂರು ಅಡಿಗೆ ಒಂದಡಿ. ಅಂದರೆ ನಮ್ಮ ಕೋಣೆಯಲ್ಲಿ ನಿಂತಿದ್ದವನು ಇರಬೇಕಾದ್ದಕ್ಕಿಂತ ಅರ್ಧ ಗಿಡ್ಡ. ನಾವೆಲ್ಲ ಬಾಯಿಬಿಟ್ಟು ನೋಡಿದ್ದು ಹನ್ನೊಂದು ಅಡಿಯ ಕೋಣೆಯನ್ನಲ್ಲ, ಇಪ್ಪತ್ತೆರಡು ಅಡಿಯದನ್ನು. ಬಾಗಿಲು ಇದ್ದಿದ್ದರೆ ಗೊತ್ತಾಗುತ್ತಿತ್ತು. ಬಾಗಿಲನ್ನು ಕೊನೆಗೆ ನಿರ್ಧರಿಸುವುದು ಮೇಡಂ ಪದ್ಧತಿ.

ಸರಿಯಾದ ಅಳತೆಯ ಮನುಷ್ಯನನ್ನು ಕತ್ತರಿಸಿ, ಯಾರೂ ಇಲ್ಲದಾಗ ನಿಲ್ಲಿಸಿ ನೋಡಿದೆ. ಎಲ್ಲ ಹೋಯಿತು. ಒಂದು ತಗ್ಗು ಪೆಟ್ಟಿಗೆ, ತಲೆಯ ಮೇಲೇ ಕಣ್ಣು ಚುಚ್ಚುವ ಬೆಳಕಿನ ಪಟ್ಟಿ. ಆ ಕಾರಿಡಾರಿಗಿಂತ ಸ್ವಲ್ಪ ವಾಸಿ, ಅಷ್ಟೇ.

ಸಹಿಗೆ ಇನ್ನು ಮೂರು ವಾರ ಇದೆ. ಹೇಳಿದರೆ ಸಮಿತಿಯ ಮುಂದೆ ಮೇಡಂ ಮುಖ ಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಹೇಳದಿದ್ದರೆ ಕೋಣೆ ಕಟ್ಟಿಬಿಡುತ್ತಾರೆ, ಜನ ಅದರಲ್ಲಿ ಕೂತು ಕಾಯುತ್ತಾರೆ. ಏನು ಮಾಡಲಿ?

ನಿನ್ನ
ಅಳಿಲು


4 ಏಪ್ರಿಲ್

ಪ್ರೀತಿಯ ಅಳಿಲೇ,

ಬಂದರಿಗೆ ಬಂದ ಗಳಿಗೆಯಲ್ಲೇ ನಿನ್ನ ಪತ್ರ ಓದಿ, ಏಜೆಂಟರ ಆಫೀಸಿನಲ್ಲೇ ನಿಂತು ಬರೆಯುತ್ತಿದ್ದೇನೆ.

ಬಾಯಿ ಬಿಡಬೇಡ. ನಕ್ಷೆಯಲ್ಲಿ ಹನ್ನೊಂದು ಅಡಿ ಅಂತ ಬರೆದಿದೆ ತಾನೇ? ಕಟ್ಟುವುದೂ ಹನ್ನೊಂದು ಅಡಿ ತಾನೇ? ಹಾಗಾದರೆ ನೀನು ಯಾರಿಗೂ ಸುಳ್ಳು ಹೇಳಿಲ್ಲ. ಆ ಗಿಡ್ಡನನ್ನು ಸದ್ದಿಲ್ಲದೆ ತೆಗೆದು ಸರಿಯಾದವನನ್ನು ನಿಲ್ಲಿಸು. ಸಹಿ ಹಾಕುವ ದಿನ ಯಾರೂ ತೂತಿಗೆ ಕಣ್ಣಿಡುವುದಿಲ್ಲ, ಪೆನ್ನಿನ ಮೇಲೆ ಕಣ್ಣಿಟ್ಟಿರುತ್ತಾರೆ. ಆಮೇಲೆ ಕೋಣೆ ಸ್ವಲ್ಪ ಚಿಕ್ಕದು ಅನ್ನಿಸಿದರೆ ಅನ್ನಿಸಲಿ. ಕಾಯುವವರು ಚಾವಣಿ ನೋಡುತ್ತಾರೆಯೇ?

ನಾನು ಎರಡು ಸಲ ನನ್ನ ತಪ್ಪನ್ನು ನಾನೇ ಹೋಗಿ ಹೇಳಿ ಎರಡು ಸಲ ಹಡಗು ಬದಲಾಯಿಸಿದ್ದೇನೆ. ನನಗಾದರೋ ಇನ್ನೊಂದು ಹಡಗು ಸಿಕ್ಕಿತು. ನಿನಗೇನಾದರೂ ಆದರೆ ಬೆನ್ನಿಗೆ ನಿಲ್ಲಲು ನಾನು ಅಲ್ಲಿಲ್ಲ. ನನ್ನ ಮಾತು ಕೇಳು.

ನಿನ್ನ
ಅಪ್ಪ


8 ಏಪ್ರಿಲ್

ಅಪ್ಪಾ,

ನಿನ್ನ ಉತ್ತರಕ್ಕೆ ಕಾದೆ. ಬರಲಿಲ್ಲ. ಹೇಳಿಬಿಟ್ಟೆ.

ಬಾಯಿಂದ ಹೇಳಲು ಆಗಲಿಲ್ಲ. ನಿನ್ನೆ ಬುಧವಾರ. ಹನ್ನೊಂದು ಗಂಟೆಗೆ ಎಲ್ಲರೂ ಹಾಳೆ ದಾಟಿಸಿದಾಗ ನಾನು ರಟ್ಟಣ್ಣನ ಅಂಗೈಯಲ್ಲಿ ಇಬ್ಬರು ಕಾಗದದ ಮನುಷ್ಯರನ್ನು ಇಟ್ಟೆ. ಒಬ್ಬ ಗಿಡ್ಡ, ಒಬ್ಬ ಸರಿಯಾದವನು. ಅವರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರು. ಎದ್ದು ಹೋಗಿ, ಸರಿಯಾದವನನ್ನು ಮಾಡೆಲ್ಲಿನೊಳಗೆ ನಿಲ್ಲಿಸಿ, ತೂತಿಗೆ ಕಣ್ಣಿಟ್ಟರು. ಆಮೇಲೆ ಇಂಜಿನಿಯರ್ ನೋಡಿದರು. ಆಮೇಲೆ ಮೇಡಂ.

ಮೇಡಂ ತೂತಿನಿಂದ ಕಣ್ಣು ತೆಗೆದರು. "ಆ ಗಿಡ್ಡನನ್ನ ನಿಲ್ಲಿಸಿದ್ದು ಯಾರು?" ಅಂದರು.

"ನಾನು, ಮೇಡಂ."

"ನೋಡಿ ಮೋಸ ಹೋಗಿದ್ದು ಯಾರು?"

ರಟ್ಟಣ್ಣ ನಿಧಾನವಾಗಿ ಕೈ ಎತ್ತಿದರು. ಇಂಜಿನಿಯರ್ ಎತ್ತಿದರು. ಕೊನೆಗೆ ಮೇಡಂ ತಾವೂ ಎತ್ತಿ, "ನಲವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ನನಗೆ ನಾಚಿಕೆ ಆಗ್ಬೇಕು. ನನಗೆ ಆ ಕೋಣೆ ಬೇಕಾಗಿತ್ತು ಕಣೇ, ಅದಕ್ಕೇ ಕಣ್ಣಿಗೆ ಕಾಣಲಿಲ್ಲ" ಎಂದರು. ಆಮೇಲೆ ಕೈಚೀಲ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ನೇರವಾಗಿ ಆಸ್ಪತ್ರೆಯ ಅಧ್ಯಕ್ಷರ ಕೋಣೆಗೆ ನಡೆದರು. "ನಿಮಗೆ ತೋರಿಸಿದ್ದು ತಪ್ಪು. ತಪ್ಪು ನಮ್ಮ ಸ್ಟುಡಿಯೋದ್ದು" ಎಂದರು. ನನ್ನ ಕಡೆ ಬೆರಳು ತೋರಿಸಲಿಲ್ಲ. ನಾನೇ ಹೇಳಲು ಹೋದರೆ ಕಾಲು ತುಳಿದರು, ಅದೂ ಜೋರಾಗಿ.

ಅಧ್ಯಕ್ಷರು ಸಿಡಿದೆದ್ದರು. ಕೊನೆಗೆ ಜೂನ್ ತಿಂಗಳ ಕೊನೆಯ ತನಕ ಸಮಯ ಕೊಟ್ಟಿದ್ದಾರೆ. ಅಷ್ಟರಲ್ಲಿ ನಿಜವಾದ ಹನ್ನೊಂದು ಅಡಿಯಲ್ಲಿ ಅದೇ ಕೋಣೆ ತೋರಿಸಬೇಕು. ಇಲ್ಲವಾದರೆ ಸುಣ್ಣ ಬಳಿದು, ಟ್ಯೂಬ್‌ಲೈಟ್ ಹಾಕಿ, ಬೆಂಚು ಇಟ್ಟು ಮುಗಿಸುತ್ತಾರೆ. ನನ್ನ ಆರು ತಿಂಗಳೂ ಅಷ್ಟರಲ್ಲೇ ಮುಗಿಯುತ್ತದೆ.

ನಿನ್ನ
ಅಳಿಲು


20 ಏಪ್ರಿಲ್

ಅಪ್ಪಾ,

ನಿನ್ನ ಪತ್ರ ಇವತ್ತು ಬಂತು. ಮೊದಲೇ ಬಂದಿದ್ದರೆ ನಿನ್ನ ಮಾತು ಕೇಳಿಬಿಡುತ್ತಿದ್ದೆನೇನೋ. ತಡವಾದದ್ದು ಒಳ್ಳೆಯದಾಯಿತು.

ಒಂದು ಮಾತಿಗೆ ಮಾತ್ರ ನನಗೆ ಸಿಟ್ಟು ಬಂತು. ಕಾಯುವವರು ಚಾವಣಿ ನೋಡುತ್ತಾರೆ, ಅಪ್ಪ. ಬೇರೆ ಏನು ನೋಡುತ್ತಾರೆ? ನಾನು ಬೆಳಗ್ಗೆಯಿಂದ ಸಂಜೆಯ ತನಕ ಅದನ್ನೇ ನೋಡಿದ್ದೆ.

ನಾಲ್ವರೂ ತಲೆ ಮೇಲೆ ಕೈಹೊತ್ತು ಕೂತಿದ್ದೇವೆ. ನೀನು ಮೂವತ್ತು ವರ್ಷ ತಗ್ಗು ಚಾವಣಿಯ ಕೆಳಗೇ ಬದುಕಿದವನು. ಅಲ್ಲಿ ಯಾವುದಾದರೂ ಜಾಗ ನಿನಗೆ ದೊಡ್ಡದು ಅನ್ನಿಸಿದ್ದುಂಟೇ? ಉಂಟಾದರೆ ಬರೆ. ಅಳತೆ ಸಮೇತ.

ಅಳಿಲು


11 ಮೇ

ಪ್ರೀತಿಯ ಮಗಳೇ,

ಎರಡು ಪತ್ರವೂ ಒಟ್ಟಿಗೆ ಸಿಕ್ಕವು. ನಾನು ಮೊದಲು ಒಡೆದದ್ದು ಎರಡನೆಯದನ್ನು. ಕಪಾಳಕ್ಕೆ ಹೊಡೆದ ಹಾಗಾಯಿತು. ಹೊಡೆಸಿಕೊಳ್ಳಬೇಕಾದ್ದೇ. ಆಮೇಲೆ ಮೊದಲನೆಯದನ್ನು ಓದಿದೆ, ನೀನು ಆ ಇಬ್ಬರು ಕಾಗದದ ಮನುಷ್ಯರನ್ನು ಅವರ ಅಂಗೈಯಲ್ಲಿ ಇಟ್ಟದ್ದನ್ನು. ನಾಲ್ಕು ಸಲ ಓದಿದೆ. ಇದು ನನ್ನ ಮಗಳೇ ಅಂತ ನನಗೇ ನಂಬಿಕೆ ಬರಲಿಲ್ಲ. ಹೆದರಿದ್ದು ನೀನಲ್ಲ, ನಾನು. ದೂರ ಇರುವವನಿಗೆ ಹೆದರುವುದೊಂದೇ ಕೆಲಸ.

ನೀನು ಕೇಳಿದ್ದಕ್ಕೆ ಮೂರು ದಿನ ಯೋಚಿಸಿದೆ. ಒಂದು ಜಾಗ ಇದೆ, ನಮ್ಮ ಊಟದ ಕೋಣೆ. ಅದನ್ನು ನೆನೆದರೆ ನನಗೆ ಯಾವಾಗಲೂ ದೊಡ್ಡ ಹಜಾರದ ಹಾಗೆಯೇ ಅನ್ನಿಸುತ್ತೆ. ನೀನು ಕೇಳಿದ ಮೇಲೆ ಟೇಪು ಹಿಡಿದು ಅಳೆದರೆ ಚಾವಣಿ ಏಳಡಿಯೂ ಇಲ್ಲ! ಕೈ ಎತ್ತಿದರೆ ತಾಗುತ್ತೆ. ಈ ಹಡಗಿಗೆ ಬಂದಾಗಿನಿಂದ ಒಂದು ದಿನವೂ ನಾನು ಕೈ ಎತ್ತಿ ನೋಡಿರಲಿಲ್ಲ.

ಯಾಕೆ ಹೀಗೆ ಅಂತ ಹುಡುಕಿದೆ. ಎಂಜಿನ್ ರೂಮಿನಿಂದ ಅಲ್ಲಿಗೆ ಹೋಗುವ ದಾರಿ ಇನ್ನೂ ತಗ್ಗು, ಇನ್ನೂ ಕಿರಿದು, ಹನ್ನೆರಡು ಹೆಜ್ಜೆ ಉದ್ದ. ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ತಿರುಗಬೇಕು. ಬಾಗಿಲಲ್ಲಿ ತಲೆ ತಗ್ಗಿಸಲೇಬೇಕು. ತಗ್ಗಿಸಿದ ತಲೆಯನ್ನು ಒಳಗೆ ಹೋಗಿ ಎತ್ತಿದಾಗ ಎಷ್ಟಿದ್ದರೂ ಬೇಕಾದಷ್ಟು ಅನ್ನಿಸುತ್ತೆ. ಎರಡನೆಯದು, ಕಿಟಕಿ ತುಂಬ ಕೆಳಗಿದೆ. ನಿಂತವನಿಗೆ ಬರೀ ನೀರು ಕಾಣುತ್ತೆ. ಕೂತವನಿಗೆ ಮಾತ್ರ ದೂರದ ಆಕಾಶ. ಮೂರನೆಯದು ಹೇಳಲು ನಾಚಿಕೆ. ಚಾವಣಿಯ ದೀಪ ಕೆಟ್ಟು ಎರಡು ವರ್ಷ ಆಯಿತು. ರಿಪೇರಿ ಮಾಡಬೇಕಾದವನು ನಾನೇ. ಅವತ್ತೊಂದು ದಿನಕ್ಕೆ ಅಂತ ಕಪಾಟಿನ ಹಿಂದೆ ಒಂದು ದೀಪ ಇಟ್ಟೆ. ಬೆಳಕು ಗೋಡೆಗೆ ಬಿತ್ತು, ಚಾವಣಿ ಕತ್ತಲಾಯಿತು, ಅದು ಎಲ್ಲಿ ಮುಗಿಯುತ್ತೆ ಅಂತಲೇ ತಿಳಿಯದಾಯಿತು. ಅವತ್ತಿನಿಂದ ಯಾರೂ ಮೇಲಿನ ದೀಪ ಕೇಳಲಿಲ್ಲ. ಎಲ್ಲರೂ ಊಟ ಮುಗಿಸಿಯೂ ಅಲ್ಲೇ ಕೂತಿರುತ್ತಾರೆ.

ಎಲ್ಲ ಅಳತೆಯನ್ನೂ ಎಂಜಿನ್ನಿನ ದಿನಚರಿ ಹಾಳೆಯ ಹಿಂದೆ ಬರೆದು ಇಟ್ಟಿದ್ದೇನೆ. ಎಣ್ಣೆ ಕಲೆ ಇದೆ, ನಿಮ್ಮ ಮೇಡಂ ತಪ್ಪು ತಿಳಿಯದಿರಲಿ.

ಇನ್ನೊಂದು. ನೀನು ಬರೆದ ಆ ಕಾರಿಡಾರಿನ ಚಿತ್ರ ನನಗೂ ಒಂದು ಕಳಿಸು. ನಾನು ಅದನ್ನು ನೋಡಬೇಕು.

ನಿನ್ನ
ಅಪ್ಪ


3 ಜುಲೈ

ಅಪ್ಪಾ,

ಎಲ್ಲಿಂದ ಶುರು ಮಾಡಲಿ! ನಿನ್ನ ಎಣ್ಣೆ ಹಾಳೆ ಬಂದ ಬುಧವಾರ ನಾನು ಅದನ್ನೇ ದಾಟಿಸಿದೆ. ರಟ್ಟಣ್ಣ ಮೂಸಿ ನೋಡಿ, "ಇದು ಯಾರ ಕೈಬರಹ? ಕೈ ಗಟ್ಟಿ ಇದೆ" ಎಂದರು. ನಮ್ಮಲ್ಲಿ ಹೆಸರು ಹೇಳುವ ಹಾಗಿಲ್ಲ, ಹೇಳಲಿಲ್ಲ. ನಗು ಮಾತ್ರ ತಡೆಯಲಾಗಲಿಲ್ಲ. ನಿನ್ನ ಹನ್ನೆರಡು ಹೆಜ್ಜೆಯ ದಾರಿ ಅವರ ಕೈಯಲ್ಲಿ ಎಂಟು ಹೆಜ್ಜೆಯಾಯಿತು. ಸ್ಟ್ರೆಚರ್ ಆ ದಾರಿಯಲ್ಲಿ ಬರುವುದಿಲ್ಲ, ಬರೀ ಮನುಷ್ಯರು. ಆದ್ದರಿಂದ ತಗ್ಗು ಮಾಡಬಹುದು ಎಂದು ಇಂಜಿನಿಯರ್ ಲೆಕ್ಕ ಹಾಕಿ ಕೊಟ್ಟರು. ಕಿಟಕಿಯನ್ನು ಕೂತವರ ಕಣ್ಣಿನ ಮಟ್ಟಕ್ಕೆ ಇಳಿಸಲು ದಪ್ಪ ಗೋಡೆ ಒಡೆಯಬೇಕಿತ್ತು. ಎಲ್ಲರೂ ಅವರ ಮುಖ ನೋಡಿದೆವು. ಅವರು ಕನ್ನಡಕ ಮೇಲೆತ್ತಿ, "ನಿಲ್ಲುತ್ತೆ" ಎಂದರು. ಸ್ಟುಡಿಯೊದಲ್ಲಿ ಚಪ್ಪಾಳೆ! ಮೇಡಂ ತಮ್ಮದೇ ಬೆಳಕಿನ ಸೀಳನ್ನು, ಎಲ್ಲಕ್ಕಿಂತ ಚೆಂದವಾಗಿದ್ದುದನ್ನು, ತಾವೇ ಅಳಿಸಿ ದೀಪವನ್ನು ಗೂಡುಗಳ ಹಿಂದೆ ಅಡಗಿಸಿದರು. ಅಳಿಸುವಾಗ ಅವರ ಕೈ ನೋಡುತ್ತಾ ನಿಂತಿದ್ದೆ. ನನ್ನಿಂದ ಆಗುತ್ತಿರಲಿಲ್ಲ.

ಈ ಸಲ ತೂತು, ಕಾಗದದ ಮನುಷ್ಯ ಯಾವುದೂ ಬೇಡ ಎಂದರು ರಟ್ಟಣ್ಣ. ಫ್ರಿಜ್ಜುಗಳ ಖಾಲಿ ಪೆಟ್ಟಿಗೆಗಳನ್ನು ಅಂಗಡಿ ಅಂಗಡಿ ಅಲೆದು ತಂದು, ಆಸ್ಪತ್ರೆಯ ಆ ಉಗ್ರಾಣದೊಳಗೇ ಇಡೀ ಕೋಣೆಯನ್ನು ರಟ್ಟಿನಲ್ಲಿ ಕಟ್ಟಿದರು. ಅಡಿಗೆ ಅಡಿ. ಒಡೆಯದ ಗೋಡೆಯ ಮೇಲೆ ಕಿಟಕಿಯ ಜಾಗದಲ್ಲಿ ಬಿಳಿ ಬಟ್ಟೆ ಬಿಗಿದು, ಹಿಂದೆ ದೀಪ ಇಟ್ಟೆವು. ಇಷ್ಟು ವರ್ಷ ಚಿಕ್ಕದನ್ನೇ ಮಾಡಿದವರು ತಾವು ಮಾಡಿದ ಬಾಗಿಲಲ್ಲಿ ತಾವೇ ತಲೆ ತಗ್ಗಿಸಿ ಒಳಗೆ ಹೋಗಿ, ಹೊರಗೆ ಬರಲು ಒಪ್ಪಲಿಲ್ಲ.

ಸಮಿತಿಯವರು ಹನ್ನೊಂದಕ್ಕೆ ಬರಬೇಕಿತ್ತು. ಅದಕ್ಕೆ ಸ್ವಲ್ಪ ಮೊದಲು ಒಬ್ಬ ಅಜ್ಜಿ, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು, ಯಾರನ್ನೂ ಕೇಳದೆ ಒಳಗೆ ನಡೆದು ರಟ್ಟಿನ ಗೂಡಿನಲ್ಲಿ ಕೂತುಬಿಟ್ಟಳು. ಅವಳ ಮಗ ಥಿಯೇಟರಿನಲ್ಲಿದ್ದನಂತೆ. ಇದು ಸುಳ್ಳು ಕೋಣೆ ಎಂದು ಅವಳಿಗೆ ಯಾರು ಹೇಳಬೇಕು? ಅವಳು ಬೆನ್ನು ಒರಗಿಸಿದಳು. ಬಿಗಿದಿದ್ದ ಹೆಗಲು ನಿಧಾನವಾಗಿ ಇಳಿಯಿತು. ತಲೆ ಎತ್ತಿ ಮೇಲೆ ನೋಡಿದಳು, ಬಹಳ ಹೊತ್ತು.

ಸಮಿತಿಯವರು ಬಂದರು. ಅಧ್ಯಕ್ಷರು ದಾರಿಯ ತುದಿಯಲ್ಲಿ ಬಗ್ಗಿ, ಒಳಗಿದ್ದ ಅಜ್ಜಿಯನ್ನು ಕಂಡು, ಬಗ್ಗಿದಂತೆಯೇ ಹಿಂದಕ್ಕೆ ಸರಿದರು. "ಅವರದ್ದು ಮುಗೀಲಿ" ಎಂದು ಪಿಸುಗುಟ್ಟಿದರು. ಐದು ಜನ ದೊಡ್ಡ ಮನುಷ್ಯರು ಒಂದೂವರೆ ಗಂಟೆ ಹೊರಗೆ ನಿಂತು ಕಾದರು. ನರ್ಸ್ ಬಂದು ಅಜ್ಜಿಯನ್ನು ನಗುತ್ತಾ ಕರೆದುಕೊಂಡು ಹೋದಳು. ಅಧ್ಯಕ್ಷರು ಒಳಗೆ ಹೋಗಲೇ ಇಲ್ಲ. ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಹಾಕಿದರು.

ಮೇಡಂ ಸಂಜೆ ನನ್ನ ಮೇಜಿನ ಮೇಲೆ ಒಂದು ಹೊಸ ರಬ್ಬರ್ ಇಟ್ಟು ಹೋದರು. ಖಾಯಂ ಮಾಡುವುದೆಂದರೆ ಇದೇ ಅಂತೆ.

ನೀನು ಕೇಳಿದ ಚಿತ್ರ ಇದರೊಳಗಿದೆ. ನಿಧಾನವಾಗಿ ನೋಡು.

ನಿನ್ನ
ಅಳಿಲು


24 ನವೆಂಬರ್

ಪ್ರೀತಿಯ ಮಗಳೇ,

ನಾನು ಶುಕ್ರವಾರ ಬರುತ್ತೇನೆ ಅಂತ ನೀನು ತಿಳಿದಿದ್ದೀಯ. ಹಡಗು ಎರಡು ದಿನ ಮೊದಲೇ ಬಂತು. ಚೀಲ ಹೊತ್ತುಕೊಂಡು ಮನೆಗೆ ಹೋಗದೆ ನೇರ ಆಸ್ಪತ್ರೆಗೆ ಬಂದೆ. ಈ ಪತ್ರವನ್ನು ನಿನ್ನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಇದು ನಿನ್ನ ಕೈ ಸೇರುವುದಕ್ಕೆ ಮುಂಚೆ ನಾನೇ ನಿನ್ನೆದುರು ನಿಂತಿರುತ್ತೇನೆ, ಆದರೆ ಎದುರಿಗೆ ನನಗೆ ಇದನ್ನೆಲ್ಲ ಹೇಳಲು ಬರುವುದಿಲ್ಲ. ಅದಕ್ಕೇ ಅಂಚೆಗೆ ಹಾಕುತ್ತೇನೆ.

ಬಾಗಿಲಲ್ಲಿ ತಲೆ ತಗ್ಗಿಸಿದೆ. ಒಳಗೆ ಬಂದು ಎತ್ತಿದೆ. ಮಗಳೇ, ನಾನು ಎಷ್ಟೋ ದೇಶದ ದೊಡ್ಡ ದೊಡ್ಡ ಕಟ್ಟಡ ನೋಡಿದವನು. ಕುತ್ತಿಗೆ ನೋಯುವಷ್ಟು ಎತ್ತರದವು. ಅಲ್ಲೆಲ್ಲ ನಾನು ಎಷ್ಟು ಚಿಕ್ಕವನು ಅನ್ನಿಸುತ್ತಿತ್ತು. ಇಲ್ಲಿ ಹಾಗೆ ಅನ್ನಿಸಲಿಲ್ಲ. ಬೆಳಕು ಬೆನ್ನ ಹಿಂದಿನಿಂದ ಬರುತ್ತೆ, ಮೇಲೆ ನೋಡಿದರೆ ಮುಗಿಯುವುದೇ ಇಲ್ಲ. ಕಿಟಕಿಯಲ್ಲಿ ಒಂದು ಮರದ ಬುಡ, ಅದರಾಚೆ ರಸ್ತೆ, ಅದರಾಚೆ ಆಕಾಶ. ಟೇಪು ಚೀಲದಲ್ಲೇ ಇತ್ತು. ಅಳೆಯಲು ಮನಸ್ಸಾಗಲಿಲ್ಲ.

ಗೂಡಿನಲ್ಲಿ ಕೂತೆ. ನೀನು ಕಳಿಸಿದ ಚಿತ್ರ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಹಡಗಿನಲ್ಲಿ ಅದನ್ನು ಪೂರ್ತಿ ನೋಡಲು ಆಗಿರಲಿಲ್ಲ, ಅರ್ಧಕ್ಕೇ ಮಡಚಿಡುತ್ತಿದ್ದೆ. ಇಲ್ಲಿ ನೋಡಿದೆ. ಬೆಂಚಿನ ಮೇಲೆ ಮೂಲೆಯಲ್ಲಿ ನೀನು ಕೂತಿದ್ದ ಜಾಗಕ್ಕೆ ಒಂದು ಸಣ್ಣ ಗುರುತು ಹಾಕಿದ್ದೀಯ. ಪಕ್ಕದ ಜಾಗ ಖಾಲಿ. ಅದರ ಅಗಲವನ್ನೂ ಬರೆದಿದ್ದೀಯ.

ಪಕ್ಕದ ಗೂಡಿನಲ್ಲಿ ಒಬ್ಬ ಇದ್ದ, ಮೂವತ್ತರ ಪ್ರಾಯ, ಬೆರಳಿನ ನೆಟಿಕೆ ಮುರಿಯುತ್ತಾ ಕೂತಿದ್ದ. "ನಿಮ್ಮೋರು ಯಾರು ಒಳಗೆ?" ಅಂದ.

"ಹೆಂಡತಿ" ಅಂದೆ. ಯೋಚಿಸಿ ಹೇಳಿದ್ದಲ್ಲ, ಬಂದುಬಿಟ್ಟಿತು.

"ನಂದೂ ಹೆಂಡತಿನೇ" ಅಂದ. "ನೀವು ಬಂದು ತುಂಬಾ ಹೊತ್ತಾಯ್ತಾ?"

"ಇಲ್ಲ. ಬರೋದು ತಡ ಆಯ್ತು" ಅಂದೆ.

ಆಮೇಲೆ ಇಬ್ಬರೂ ಕಿಟಕಿ ನೋಡುತ್ತಾ ಕೂತೆವು. ಎರಡು ಗಂಟೆ ಆಗಿರಬೇಕು. ಅವನನ್ನು ಕರೆದರು. ಎದ್ದು ಓಡಿದವನು ಬಾಗಿಲ ತನಕ ಹೋಗಿ, ಏನು ನೆನಪಾಯಿತೋ, ವಾಪಸು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ಹೆದರ್ಬೇಡಿ. ನಿಮ್ಮೋರ್ನೂ ಈಗ ಕರೀತಾರೆ" ಅಂದ.

ಅಷ್ಟೇ. ನಾನು ಅತ್ತುಬಿಟ್ಟೆ, ಮಗಳೇ. ಒಂಬತ್ತು ದಿನ ತಡವಾಗಿ ಬಂದಾಗಲೂ ಅಳದವನು, ಗಟ್ಟಿಯಾಗಿ, ಸದ್ದು ಮಾಡಿ. ಸುತ್ತ ಆರೇಳು ಜನ ಇದ್ದರು. ಯಾರೂ ತಿರುಗಿ ನೋಡಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಅಷ್ಟು ಜಾಗ ಇದೆ ನಿನ್ನ ಕೋಣೆಯಲ್ಲಿ.

ನಿನ್ನ
ಅಪ್ಪ